ನಡುಹೊಳೆಯಲ್ಲಿ ಗೆದ್ದದ್ದು

ಢಾಕಾದಿಂದ ಬಾರಿಸಾಲಿಗೆ ಹೋಗುವ ರಾತ್ರಿ ಲಾಂಚಿನಲ್ಲಿ
ಚಹಾ, ಬಿಸ್ಕತ್ತು, ರಸಗುಲ್ಲ ಮಾರುವವನು ನಾನು, ಮೊಕ್ಸೇದ್.
ಸೋತದ್ದು ಹೇಳು ಅಂದಿರಿ. ಹೇಳುತ್ತೇನೆ.
ಮೊದಲು ಗೆದ್ದದ್ದು ಕೇಳಿ.

ಆಟ ನಡೆದದ್ದು ಬೆಂಗಳೂರು ಎಂಬ ಊರಲ್ಲಿ.
ನಾನು ಕಂಡಿಲ್ಲ. ಅಲ್ಲಿ ಹೊಳೆಯಿಲ್ಲವಂತೆ.
ಹೊಳೆಯಿಲ್ಲದ ಊರಿನ ಜನ
ಸುದ್ದಿ ತಿಳಿಯಲು ದಡ ಕಾಯಬೇಕಿಲ್ಲ.

ಡೆಕ್ಕಿನ ಕಂಬಕ್ಕೆ ಬಿಗಿದ ಟೀವಿ,
ಅದರತ್ತ ಚಾಚಿದ ಮುನ್ನೂರು ಕತ್ತು.
ಕಡೇ ಓವರು. ಒಂದು ಬೌಂಡರಿ. ಮತ್ತೊಂದು.
ಇನ್ನು ಮೂರು ಚೆಂಡು, ಎರಡು ರನ್ನು.
ಹುಡುಗ ಖುಷಿಗೆ ಗಾಳಿಯನ್ನೇ ಗುದ್ದಿದ,
ಅಷ್ಟರಲ್ಲಿ ಚಾಂದ್‌ಪುರ ದಾಟಿ ಮೇಘನಾ ಅಗಲವಾದಳು,
ಸಿಗ್ನಲ್ಲು ಹೋಯಿತು.
ಪರದೆಯ ಮೇಲೆ ಆ ಮುಷ್ಟಿ
ಎತ್ತಿದಂತೆಯೇ ನಿಂತಿತು.

ಮೂರು ಚೆಂಡಿಗೆ ಎರಡು ರನ್ನು!
ನಮ್ಮತ್ತೆ ಹೊಡೆದಾಳು, ಸೌಟಿನಲ್ಲಿ.
ಯಾರೋ ಗೆದ್ದೆವು ಅಂದರು.
ಅಲ್ಲ ಅನ್ನಲು ಯಾರಿದ್ದರು?
ಸುಕಾನಿ ತೊರಾಬ್ ಭೋಂಪು ಒತ್ತಿ ಹಿಡಿದ,
ಮೀನುದೋಣಿಗಳು ಬೆಚ್ಚಿ ಲಾಂದ್ರ ಎತ್ತಿದವು.
ಸಂಜೆ ಗೇಣು ಜಾಗಕ್ಕೆ ಜುಟ್ಟು ಹಿಡಿದಿದ್ದ ಎರಡು ಸಂಸಾರ
ಒಂದೇ ಚಾಪೆಯ ಮೇಲೆ ಮಂಡಕ್ಕಿ ತಿಂದವು.
ಹಿಂದೆ ಮುಲ್ತಾನಿನಲ್ಲಿ ಒಂದೇ ಒಂದು ವಿಕೆಟ್ಟು ಸಿಗದೆ ಹೋದದ್ದು,
ನಮ್ಮ ಮೀರ್‌ಪುರದಲ್ಲೇ ಎರಡು ರನ್ನಿಗೆ ಕಪ್ಪು ಕೈಜಾರಿ
ಹುಡುಗರು ಒಬ್ಬರ ಹೆಗಲಲ್ಲೊಬ್ಬರು ಅತ್ತದ್ದು,
ಎಲ್ಲ ಬಾಕಿ ಆ ರಾತ್ರಿ ಬಡ್ಡಿಸಮೇತ ತೀರಿತು.
ನಾನು ರಸಗುಲ್ಲದ ಡಬ್ಬಿ ತೆರೆದುಬಿಟ್ಟೆ.
ಕಾಸು? ಬೆಳಿಗ್ಗೆ ಕೊಡಿ, ಬೆಳಿಗ್ಗೆ.

ಕೆಳಡೆಕ್ಕಿಗೆ ಹೋಗಲೋ ಬೇಡವೋ ಅಂದುಕೊಂಡೆ.
ಅಲ್ಲಿ ಶಫಿಕುಲ್ ಕೂತಿದ್ದ,
ಚಹಾಪುಡಿ ತುಂಬಿ ಮೊಳೆ ಹೊಡೆದ ಪೆಟ್ಟಿಗೆಯ ಪಕ್ಕ.
ಒಳಗೆ ಅವನಪ್ಪ,
ಢಾಕಾದ ಆಸ್ಪತ್ರೆಯಿಂದ ಊರ ಮಣ್ಣಿಗೆ ಹೊರಟವನು.
ಇಪ್ಪತ್ತು ವರ್ಷ ಒಂದೂ ಆಟ ಬಿಟ್ಟವನಲ್ಲವಂತೆ,
ಸೋತ ರಾತ್ರಿ ಉಂಡವನೂ ಅಲ್ಲ.
ಶಫಿಕುಲ್ ಒಂದು ತಿಂದ.
ಇನ್ನೊಂದು ಕೇಳಿ ಪೆಟ್ಟಿಗೆಯ ಮೇಲಿಟ್ಟ.
ಮುಚ್ಚಳಕ್ಕೆ ಬಾಯಿ ಹಚ್ಚಿ ಏನೋ ಹೇಳಿದ.
ನನಗೆ ಕೇಳಿದ್ದು ಒಂದೇ ಮಾತು: ಅಬ್ಬಾ.

ಐದು ತಾಸು.
ಐದು ತಾಸು ನಾವು ಗೆದ್ದಿದ್ದೆವು ಸ್ವಾಮಿ,
ಬೇಕಾದರೆ ನೀರನ್ನು ಕೇಳಿ.

ಬೆಳಕು ಹರಿಯುವ ಮುಂಚೆ ಬಾರಿಸಾಲಿನ ದೀಪ ಕಂಡಿತು.
ಮುನ್ನೂರು ಫೋನಿಗೆ ಒಟ್ಟಿಗೇ ಜೀವ ಬಂತು.
ಹಗ್ಗ ಹಿಡಿಯಲು ನಿಂತಿದ್ದ ಕೂಲಿ
ನಮ್ಮ ಕೇಕೆ ಕೇಳಿ ಮೊದಲು ಹುಚ್ಚರೋ ಎಂದು ನೋಡಿದ,
ಆಮೇಲೆ ತಿಳಿದು ತಲೆ ತಗ್ಗಿಸಿದ.
ಮೂರು ಚೆಂಡು. ಮೂರು ವಿಕೆಟ್ಟು.
ಒಂದು ರನ್ನು.
ಯಾರೂ ಅಳಲಿಲ್ಲ. ಗಂಟುಮೂಟೆ ಕಟ್ಟಿದರು.
ಚಾಪೆ ಹಂಚಿಕೊಂಡವರು ಅದು ನಿನ್ನದೋ ನನ್ನದೋ ಎಂದು
ಮತ್ತೆ ಜಗಳಕ್ಕೆ ಬಿದ್ದರು.

ಪೆಟ್ಟಿಗೆ ಇಳಿಸಲು ನಾನೂ ಹೆಗಲು ಕೊಟ್ಟೆ.
ಘಾಟಿನ ಹುಡುಗನೊಬ್ಬ ಸೋಲಿನ ಕಥೆ ಬಿಚ್ಚತೊಡಗಿದ.
ಶಫಿಕುಲ್ ಕೈಯಿಂದ ಅವನ ಬಾಯಿ ಮುಚ್ಚಿ
ಕಣ್ಣಲ್ಲೇ ಪೆಟ್ಟಿಗೆ ತೋರಿಸಿದ:
ಮೆಲ್ಲಗೆ. ಕೇಳಿಸೀತು.

ರಸಗುಲ್ಲದ ಕಾಸು ಯಾರೂ ಕೊಡಲಿಲ್ಲ,
ನಾನೂ ಕೇಳಲಿಲ್ಲ. ಹೇಗೆ ಕೇಳುವುದು?
ನೂರಾ ಹದಿನೆಂಟು.
ಮಾಲೀಕ ಸಂಬಳದಲ್ಲಿ ಹಿಡಿದ.
ಲೆಕ್ಕದ ಪುಸ್ತಕದಲ್ಲಿ 'ನಷ್ಟ' ಎಂದು ಬರೆಯಲು ಹೇಳಿದ.
ಬರೆದೆ.
ಆದರೆ ನೂರಾ ಹದಿನೇಳು ಅಂತ ಬರೆದೆ.
ಪೆಟ್ಟಿಗೆಯ ಮೇಲಿಟ್ಟದ್ದನ್ನು
ಅದರಲ್ಲಿ ಸೇರಿಸಲಿಲ್ಲ.